ಅತ್ತೆ ಆರಿಸಿದ ಹಾರುವ ತಟ್ಟೆ

ನಮ್ಮ ಸೋದರತ್ತೆಗೆ ಹರೆಯದಲ್ಲಿ ಒಬ್ಬ ಗಂಡನ್ನು ನೋಡಿ ಬೇಡವೆನ್ನಲು ಅರ್ಧ ಗಂಟೆ ಸಾಕಾಗುತ್ತಿತ್ತಂತೆ. ತಾಟಿನಲ್ಲಿಟ್ಟ ಅವಲಕ್ಕಿ ಆರುವುದರೊಳಗೆ ‘ಒಲ್ಲೆ’ ಎಂದು ಎದ್ದು ಹೋಗುತ್ತಿದ್ದಳೆಂದು ನಮ್ಮಪ್ಪ ಈಗಲೂ ಹೇಳುತ್ತಾರೆ. ಇಂಥ ಅತ್ತೆ ಅರವತ್ತು ದಾಟಿದ ಮೇಲೆ, ನಾಯಿ ಹಿಡಿದು ತರುವುದಕ್ಕೆಂದು ಎಸೆಯುವ ಒಂದು ತಟ್ಟೆಯನ್ನು ಆರಿಸಲು ಹತ್ತು ತಿಂಗಳು ತೆಗೆದುಕೊಂಡಳು! ಗಂಡಿಗೆ ಅರ್ಧ ಗಂಟೆ, ತಟ್ಟೆಗೆ ಹತ್ತು ತಿಂಗಳೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಗಂಡು ನನಗ ಬೇಕಾಗಿದ್ದಿಲ್ಲ. ತಾಟು ಬೇಕಾಗೈತಿ,” ಎಂದಳು.

ಅತ್ತೆ ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಕಾಲೇಜಿನಲ್ಲಿದ್ದಾಗ ಡಿಸ್ಕಸ್ ಎಸೆದು ಬಹುಮಾನ ತಂದವಳು. ಜಮಖಂಡಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವಳ ಮನೆ. ನಡುವೆ ಒಂದು ಗೋಡೆ, ಗೋಡೆಗೊಂದು ಬಾಗಿಲು. ನಿವೃತ್ತಿಯ ದಿನ ಹೊದಿಸಿದ ಶಾಲನ್ನು ಅವತ್ತೇ ಯಾರಿಗೋ ಕೊಟ್ಟು ಬಂದಳು. ಕೊರಳಿನ ಸೀಟಿಯನ್ನು ಮಾತ್ರ ತೆಗೆಯಲಿಲ್ಲ. ತರಕಾರಿ ಗಾಡಿಯವನನ್ನು ಕರೆಯುವುದೂ ಸೀಟಿಯಿಂದಲೇ. ಒಮ್ಮೆ ಊದಿದರೆ ಬದನೆಕಾಯಿ, ಎರಡು ಸಲ ಊದಿದರೆ ಮೆಂತೆಪಲ್ಯ. ಮೂರು ಸಲ ಊದಿದರೆ ನಾನು! ಕಾಲೇಜಿನ ಲೈಬ್ರರಿ ಕೆಲಸಕ್ಕೆ ಹೊರಟವಳು ಚಪ್ಪಲಿ ಬಿಟ್ಟು ಓಡಿ ಬರಬೇಕು. ಬಂದರೆ, “ಗ್ಯಾಸ್ ಮುಗದೈತಿ, ನೋಡು,” ಅನ್ನುತ್ತಿದ್ದಳು.

ಇನ್ನು ನಾಯಿಯ ವಿಷಯ. ಮುಧೋಳದ ಕಡೆ ಒಂದು ಹಳ್ಳಿಯಲ್ಲಿ ಅಪ್ಪನಿಗೆ ಪರಿಚಯದ ಕುರಿಗಾರರ ಮನೆಯಿದೆ. ಬೀರೇಶ್ವರನ ಒಕ್ಕಲು. ಅಜ್ಜನ ಕಾಲದಿಂದಲೂ ಆ ಕಡೆಯ ಉದ್ದ ಕಾಲಿನ ಬೇಟೆನಾಯಿಗಳನ್ನು ಸಾಕಿಕೊಂಡು ಬಂದವರು. ಹೊಸದೊಂದು ಕಂಬಳಿ ಬೇಕೆಂದು ಅತ್ತೆ ನನ್ನ ಸ್ಕೂಟರಿನ ಹಿಂದೆ ಕೂತು ಅಲ್ಲಿಗೆ ಬಂದಳು. ಕಂಬಳಿ ಆರಿಸಿದ್ದಾಯಿತು. ಹೊರಡುವಾಗ ಮೂಲೆಯಲ್ಲಿ ಕಟ್ಟಿ ಹಾಕಿದ್ದ ಬಿಳಿಯ ನಾಯಿಯೊಂದು ಅವಳ ಕಣ್ಣಿಗೆ ಬಿತ್ತು. ವರ್ಷದ ಪ್ರಾಯ, ಬೆನ್ನಿಗೆ ಹತ್ತಿದ ಹೊಟ್ಟೆ, ಎಂಥ ಓಟಗಾರನೂ ಹೊಟ್ಟೆಕಿಚ್ಚು ಪಡುವಂಥ ಕಾಲು.

“ಇದನ್ಯಾಕ ಕಟ್ಟೀರಿ?” ಎಂದು ಅತ್ತೆ ಕೇಳಿದಳು.

“ಕೆಲಸಕ್ಕ ಬಾರದ್ದು ರೀ ಅಕ್ಕಾರ,” ಎಂದ ಮನೆಯ ಯಜಮಾನ. “ಕೂಗಿದ್ರ ಬರೂದಿಲ್ಲ, ಗದರಿಸಿದ್ರ ಅಂಜೂದಿಲ್ಲ. ಗಾಳ್ಯಾಗ ಒಂದು ಪ್ಲಾಸ್ಟಿಕ್ ಚೀಲ ಹಾರಿದ್ರ ಸಾಕು, ಕುರಿ ಬಿಟ್ಟು ಅದರ ಹಿಂದ ಬೀಳತೈತಿ. ಯಾರರ ಒಯ್ತೀನಂದ್ರ ಕೊಟ್ಟಬಿಡ್ತೀನಿ.”

ಅತ್ತೆ ಸುತ್ತ ನೋಡಿದಳು. ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ್ದ ಜರ್ಮನ್ ತಾಟೊಂದಿತ್ತು. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಹಾಗೇ ಹೇಳುವುದು. ಜರ್ಮನಿಗೂ ಅದಕ್ಕೂ ಏನು ಸಂಬಂಧವೋ ನನಗೆ ಗೊತ್ತಿಲ್ಲ. “ಹಗ್ಗ ಬಿಚ್ಚರಿ,” ಎಂದವಳೇ ಸೆರಗು ಸೊಂಟಕ್ಕೆ ಸಿಗಿಸಿ, ತಾಟು ಹಿಡಿದು, ಒಂದೂವರೆ ಸುತ್ತು ತಿರುಗಿ ಬೀಸಿ ಒಗೆದಳು. ತಾಟು ಬೇವಿನ ಮರದ ಆಚೆ ಹೊಲದ ಮೇಲೆ ಹಾರಿತು. ನಾಯಿ ಯಾವಾಗ ಎದ್ದಿತು, ಯಾವಾಗ ಓಡಿತು, ನನಗೆ ಕಾಣಲೇ ಇಲ್ಲ. ಕಂಡದ್ದು ಇಷ್ಟೇ: ಹೊಲದ ನಡುವೆ ಆಳೆತ್ತರ ಜಿಗಿದು ತಾಟನ್ನು ಗಾಳಿಯಲ್ಲೇ ಕಚ್ಚಿ ಹಿಡಿಯಿತು. ಯಜಮಾನ ಬಾಯಿ ತೆರೆದು ನಿಂತ. ಒಳಗಿನಿಂದ ಅವನ ಹೆಂಡತಿ ಬಂದು ಒಂದೇ ಮಾತು ಹೇಳಿದಳು: “ತಾಟು ನಂದು.”

ನಾಯಿ ನಮ್ಮದಾಯಿತು. ನಾಲ್ಕು ಹಲ್ಲಿನ ತೂತು ಬಿದ್ದ ತಾಟೂ ನಮ್ಮದಾಯಿತು. ಆಕೆಗೆ ಹೊಸದೊಂದು ತಂದುಕೊಟ್ಟೆವು.

ಅತ್ತೆ ನಾಯಿಗೆ ಇಟ್ಟ ಹೆಸರು ಶಿಸ್ತು. “ಶಿಸ್ತು ಬೇಕು, ಶಿಸ್ತು ಬೇಕು ಅಂತ ಜನ್ಮ ಪೂರಾ ಹೇಳಿದ್ನಿ. ಈಗ ಮನ್ಯಾಗ ಬಂದು ಇರಲಿ,” ಎಂದಳು. ಸಂಜೆ ಬಾಗಿಲಲ್ಲಿ ನಿಂತು “ಶಿಸ್ತೂ! ಶಿಸ್ತೂ!” ಎಂದು ಅವಳು ಕೂಗಿದರೆ, ಹಾದಿಯಲ್ಲಿ ಹೋಗುತ್ತಿದ್ದ ಹಳೆಯ ವಿದ್ಯಾರ್ಥಿಗಳು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ತಹಶೀಲ್ದಾರ ಕಚೇರಿಯ ಗುಮಾಸ್ತನೊಬ್ಬ ಸೈಕಲ್ಲಿನಿಂದ ಇಳಿದೇ ಬಿಟ್ಟಿದ್ದ. ಲಕ್ಷ್ಯ ಕೊಡದವನು ಒಬ್ಬನೇ, ಶಿಸ್ತು.

ತಟ್ಟೆಯ ಹುಡುಕಾಟ ಶುರುವಾದದ್ದು ಪೇಟೆಯ ಸ್ಟೇಷನರಿ ಅಂಗಡಿಯಿಂದ. ಮಕ್ಕಳು ಆಡುವ ತೆಳು ಪ್ಲಾಸ್ಟಿಕ್ಕಿನ ತಟ್ಟೆಯೊಂದು ಸಿಕ್ಕಿತು. ಮನೆಯ ಹಿಂದಿನ ಖಾಲಿ ಪ್ಲಾಟಿನಲ್ಲಿ ಅದರ ಮೊದಲ ಎಸೆತವೇ ಕೊನೆಯ ಎಸೆತ. ಶಿಸ್ತು ಹಿಡಿದಾಗ ಅದು ಒಂದಿತ್ತು, ಬಿಟ್ಟಾಗ ಎರಡಾಗಿತ್ತು. ಮರುದಿನ ಅತ್ತೆ ಎರಡು ತುಂಡನ್ನೂ ಅಂಗಡಿಯ ಮೇಜಿನ ಮೇಲಿಟ್ಟಳು. ಅಂಗಡಿಯಾಕೆ ಅವಳ ಹಳೆಯ ವಿದ್ಯಾರ್ಥಿನಿ. ಪಾಪ, ಇದ್ದ ನಾಲ್ಕು ಬಗೆಯನ್ನೂ ತೆಗೆದು ತೋರಿಸಿದಳು. ಅತ್ತೆ ಒಂದೊಂದನ್ನೇ ಬಗ್ಗಿಸಿದಳು, ಮೂಸಿದಳು. ಆಮೇಲೆ, ಗಿರಾಕಿಗಳೆಲ್ಲ ನೋಡುತ್ತಿರುವಂತೆ, ಬಾಯಿಗಿಟ್ಟು ಕಟಕ್ಕನೆ ಕಚ್ಚಿದಳು!

“ಟೀಚರ್, ಅದು ತಿನ್ನೂದಲ್ಲರೀ!”

“ಗೊತ್ತೈತಿ. ಶಿಸ್ತಿಗೆ ಗೊತ್ತಿಲ್ಲ,” ಎಂದು ಅತ್ತೆ ಹಲ್ಲಿನ ಗುರುತು ನೋಡಿದಳು. “ಫೇಲ್.”

ನಾಲ್ಕೂ ಫೇಲಾದವು. ಅಂಗಡಿಯಾಕೆ ಅವನ್ನು ಒರೆಸಿ ಒಳಗಿಟ್ಟಳು. ಈಗಲೂ ಯಾವುದೋ ಮಗು ಅತ್ತೆಯ ಹಲ್ಲಿನ ಗುರುತಿರುವ ತಟ್ಟೆಯೊಂದಿಗೆ ಆಡುತ್ತಿರಬಹುದು.

ಅಂಗಡಿಗಳಲ್ಲಿ ಸಿಗದಾಗ ನನ್ನ ಫೋನಿನಲ್ಲಿ ತರಿಸಿದೆವು. ಜಾಹೀರಾತಿನಲ್ಲಿ ಅದರ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಕುಣಿದರೂ ಏನೂ ಆಗಿರಲಿಲ್ಲ. ಅತ್ತೆ ಕಚ್ಚಿದಳು, ಗುರುತು ಬೀಳಲಿಲ್ಲ, ಅವಳ ಹಲ್ಲೇ ನೊಂದಿತು. “ಪಾಸ್,” ಎಂದಳು. ಎರಡು ದಿನ ಚೆನ್ನಾಗಿಯೇ ಆಡಿದರು. ಮೂರನೆಯ ದಿನ ನಾಯಿಯ ಒಸಡಿನಿಂದ ರಕ್ತ ಬಂತು. ಅತ್ತೆ ಅದರ ಬಾಯಿ ಬಿಡಿಸಿ, ಟಾರ್ಚ್ ಹಾಕಿ ನೋಡಿ, ತಟ್ಟೆಯನ್ನು ಒಯ್ದು ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿದಳು. ಅವತ್ತು ಅವಳ ಬಾಯಿಂದ ಬಂದ ಸೂತ್ರವನ್ನು ನಾನು ಬರೆದಿಟ್ಟುಕೊಂಡಿದ್ದೇನೆ: “ನಾಯಿ ತಾಟು ಮುರೀಬಾರದು, ತಾಟೂ ನಾಯಿ ಮುರೀಬಾರದು.” ಎಷ್ಟೋ ಮದುವೆಗಳಿಗೂ ಒಪ್ಪುವ ಮಾತು. ಆದರೆ ಹಾಗೆಂದು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ರಬ್ಬರಿನ ಸರದಿ. ಲೋಕಾಪುರದ ಕೂಡುರಸ್ತೆಯಲ್ಲಿ ಪಂಕ್ಚರ್ ಅಂಗಡಿಯವನೊಬ್ಬ ಹಳೆಯ ಟೈರಿನಿಂದ ಬಕೆಟ್ಟು, ಮೆಟ್ಟು ಏನೆಲ್ಲ ಮಾಡುತ್ತಾನೆಂದು ಯಾರೋ ಹೇಳಿದರು. ಹೋದೆವು. ಅವನು ಟೈರಿನ ಪಕ್ಕೆಯನ್ನು ದುಂಡಗೆ ಕತ್ತರಿಸಿ ಕೊಟ್ಟ. “ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರತೈತ್ರಿ ಅಮ್ಮಾರ,” ಎಂದ. ಅದು ಬರುತ್ತಿತ್ತು, ಖರೆ. ಆದರೆ ಹಾರಬೇಕಲ್ಲ! ಮಾಮೂಲಿ ಎಸೆತಕ್ಕೆ ಅದು ಕಾಲಬುಡದಲ್ಲೇ ಬಿತ್ತು. ಅತ್ತೆಗೆ ಸಿಟ್ಟು ಬಂತು. ಪೂರ್ತಿ ಎರಡು ಸುತ್ತು ತಿರುಗಿ, ಹರೆಯದ ಬಲವನ್ನೆಲ್ಲ ಕೂಡಿಸಿ ಒಗೆದಳು. ಈ ಸಲ ಹಾರಿತು. ಪ್ಲಾಟಿನ ಮೇಲೆ, ನಾಯಿಯ ಮೇಲೆ, ಗೋಡೆಯ ಮೇಲೆ ಹಾರಿ ಕಣ್ಮರೆಯಾಯಿತು. ಸ್ವಲ್ಪ ಹೊತ್ತಿಗೆ ಹಿಂದಿನ ಮನೆಯಾಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, “ಟೀಚರ್, ನಿಮ್ಮ ಗಾಲಿ ನಮ್ಮ ಸಂಡಿಗ್ಯಾಗ ಬಿದ್ದಿತ್ತ್ರಿ,” ಎಂದು ಬಹಳ ಮರ್ಯಾದೆಯಿಂದ ಕೊಟ್ಟಳು. ಕತ್ತರಿಸಿದ ಅಂಚಿನಲ್ಲಿ ಉಕ್ಕಿನ ತಂತಿಯ ಚೂಪು ಇಣುಕಿದ್ದನ್ನು ಅತ್ತೆ ಆಗ ಕಂಡಳು. “ಫೇಲ್,” ಎಂದಳು, ಸಂಡಿಗೆಯ ಹಿಟ್ಟು ಒರೆಸುತ್ತ.

ಹೀಗೆ ತಿಂಗಳುಗಳು ಉರುಳುವಾಗ ಇನ್ನೊಂದು ವಿಷಯ ಬಯಲಾಯಿತು. ಶಿಸ್ತು ಹಿಡಿಯುವುದರಲ್ಲಿ ನೂರಕ್ಕೆ ನೂರು. ತರುವುದರಲ್ಲಿ ಸೊನ್ನೆ. ಹಿಡಿದ ತಟ್ಟೆಯನ್ನು ಪ್ಲಾಟಿನ ಆ ತುದಿಗೆ ಒಯ್ದು, ಮುಂಗಾಲಲ್ಲಿ ಒತ್ತಿ ಹಿಡಿದು, ನಿಧಾನವಾಗಿ ಅಗಿಯುತ್ತ ಕೂರುವುದು. ಅತ್ತೆ ಈ ತುದಿಯಿಂದ ಕೂಗುವುದು, ಸೀಟಿ ಊದುವುದು, ಕೊನೆಗೆ ತಾನೇ ಮಂಡಿ ಹಿಡಿದುಕೊಂಡು ಹೋಗಿ ತರುವುದು. ಒಟ್ಟು ಲೆಕ್ಕದಲ್ಲಿ ಎಸೆಯುವವಳೂ ಅತ್ತೆಯೇ, ತರುವವಳೂ ಅತ್ತೆಯೇ!

“ಅತ್ತಿ, ತಾಟು ಹಿಡಿಯೂದರಾಗ ಮುರಿಯಾಕತ್ತಿಲ್ಲ. ಅದು ತಂದು ಕೊಡೂದಿಲ್ಲಲ್ಲ, ಅಗಿಯೂದರಾಗ ಮುರಿಯಾಕತ್ತೈತಿ,” ಎಂದೆ ನಾನು.

ಅತ್ತೆಗೆ ಮಾತು ಸರಿಯೆನಿಸಿತು. “ಹಂಗಾರ ತರೂದು ಕಲಸೂಣು,” ಎಂದಳು.

ಒಂದು ವಾರ ಬೆಳಗ್ಗೆ ಸಂಜೆ ಸೀಟಿಯ ಕವಾಯತು ನಡೆಯಿತು. ಓಣಿಯವರೆಲ್ಲ ಹೆಜ್ಜೆ ಹಾಕುವುದನ್ನು ಕಲಿತೆವು, ನಾಯಿ ಕಲಿಯಲಿಲ್ಲ. ಕರೆದರೆ ಒಂದೊಂದು ಸಲ ತಿರುಗಿ ನೋಡುತ್ತಿತ್ತು, ಹೆಚ್ಚಿನ ಸಲ ಬೆನ್ನು ಹಾಕಿ ಕೂರುತ್ತಿತ್ತು. “ಬೇಕಂತ ಮಾಡತೈತಿ. ಸೊಕ್ಕು,” ಎಂದು ಅತ್ತೆ ತೀರ್ಮಾನಿಸಿ, ಎರಡು ದಿನ ಅದನ್ನು ಕಟ್ಟಿ ಹಾಕಿದಳು. ಆಟವಿಲ್ಲ, ತಟ್ಟೆಯಿಲ್ಲ. ನಾಯಿ ಕಂಬದ ಬುಡದಲ್ಲಿ ಮುಖ ಊರಿ ಮಲಗಿ, ಅತ್ತೆ ಒಳಗೆ ಹೊರಗೆ ಓಡಾಡುವುದನ್ನು ಕಣ್ಣಲ್ಲೇ ಹಿಂಬಾಲಿಸುತ್ತಿತ್ತು.

ಮೂರನೆಯ ದಿನ ಬಿಚ್ಚಿದ ಕೂಡಲೇ ಅದು ತೆರೆದ ಗೇಟಿನಿಂದ ರಸ್ತೆಗೆ ನುಗ್ಗಿತು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಸಾಲು. ಮುಂದಿನ ಟ್ರೇಲರಿನಿಂದ ಹಾರಿದ ರವದಿಯನ್ನು, ಕಬ್ಬಿನ ಒಣ ಗರಿಯನ್ನು, ನೋಡುತ್ತ ಶಿಸ್ತು ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ಹಿಂದಿನಿಂದ ಇನ್ನೊಂದು ಟ್ರ್ಯಾಕ್ಟರು ಬರುತ್ತಿತ್ತು. ಅತ್ತೆ ಕೂಗಿದಳು. ಸೀಟಿ ಊದಿದಳು. ಡ್ರೈವರ್ ಹಾರ್ನ್ ಒತ್ತಿ ಹಿಡಿದ. ಎದುರಿನ ಚಹಾ ಅಂಗಡಿಯಲ್ಲಿದ್ದವರು ಕಿವಿ ಮುಚ್ಚಿಕೊಂಡರು. ನಾಯಿ ಕದಲಲಿಲ್ಲ. ಟ್ರ್ಯಾಕ್ಟರು ಅದರ ಬಾಲಕ್ಕೆ ಒಂದು ಮೊಳ ದೂರದಲ್ಲಿ ಕಿರ್ರನೆ ನಿಂತಿತು. ಆಗಲೂ ಅದು ತಿರುಗಲಿಲ್ಲ. ಅತ್ತೆ ಓಡಿ ಹೋಗಿ ಕೊರಳಪಟ್ಟಿ ಹಿಡಿದಾಗ ಬೆಚ್ಚಿ ಬಿದ್ದು, ಅವಳನ್ನು ನೋಡಿ, ಬಾಲ ಆಡಿಸಿತು.

ಡ್ರೈವರ್ ಮೇಲಿನಿಂದಲೇ ಒದರಿದ: “ಕಿವುಡೈತೇನ್ರಿ ಇದು?”

ಅವನು ಬೈದದ್ದು. ಆದರೆ ಅತ್ತೆ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಹಾಗೇ ನಿಂತಳು.

ಮಧ್ಯಾಹ್ನ ದನದ ಡಾಕ್ಟರ ಹತ್ತಿರ ಹೋದೆವು. ಅವರು ನಾಯಿಯ ಬೆನ್ನ ಹಿಂದೆ ಡಬ್ಬಿ ಬಡಿದರು, ಕೈ ಚಪ್ಪಾಳೆ ತಟ್ಟಿದರು, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. “ಹುಟ್ಟಾ ಕಿವುಡು ರೀ. ಪೂರಾ ಬೆಳ್ಳನ ನಾಯಿಗೋಳಿಗೆ ಒಮ್ಮೊಮ್ಮೆ ಹಿಂಗಿರತೈತಿ. ಕಣ್ಣ ಮ್ಯಾಲೆ ಬದುಕತೈತಿ ಅದು,” ಎಂದರು.

ಮನೆಗೆ ಬಂದು ಅತ್ತೆ ಕೊರಳಿನ ಸೀಟಿ ತೆಗೆದು ಮೊಳೆಗೆ ಹಾಕಿದಳು. ನಾಯಿಯ ಎದುರು ನೆಲದ ಮೇಲೆ ಕೂತಳು. ಬಹಳ ಹೊತ್ತು ಇಬ್ಬರೂ ಮುಖ ಮುಖ ನೋಡಿಕೊಂಡರು. ಮರುದಿನದಿಂದ ಪ್ಲಾಟಿನಲ್ಲಿ ಹೊಸ ಪಾಠ. ಎಸೆದ ಮೇಲೆ ಕೂಗಿಲ್ಲ, ಸೀಟಿಯಿಲ್ಲ. ಕುಕ್ಕರಗಾಲಲ್ಲಿ ಕೂತು, ನಾಯಿ ತನ್ನತ್ತ ನೋಡುವ ತನಕ ಕಾಯುವುದು; ನೋಡಿದ ಕೂಡಲೇ ಎರಡೂ ಕೈ ಅಗಲಿಸುವುದು. ಮೊದಲ ಸಲ ಅದು ತಂದುಕೊಟ್ಟದ್ದು ಮುರಿದ ತಟ್ಟೆಯ ಅರ್ಧವನ್ನು. ಅತ್ತೆ ಅರ್ಧಕ್ಕೂ ಪೂರ್ತಿ ಅಂಕ ಕೊಟ್ಟಳು.

ನಾನು ಎಲ್ಲ ಸುಖಾಂತವಾಯಿತೆಂದುಕೊಂಡೆ. ಅತ್ತೆ ಮಾತ್ರ ಮಂಕಾಗಿಯೇ ಇದ್ದಳು. ಒಂದು ಸಂಜೆ ಕಟ್ಟೆಯ ಮೇಲೆ ಚಹಾ ಕುಡಿಯುವಾಗ ತಾನಾಗಿಯೇ ಹೇಳಿದಳು.

“ಲೇ, ನನ್ನ ಕೈಯಾಗ ಒಂದು ಹುಡುಗಿ ಇತ್ತು. ಕವಾಯತಿನ್ಯಾಗ ಯಾವಾಗಲೂ ಹಿಂದಿನ ಸಾಲಿಗೆ ನಿಂದರತಿತ್ತು. ನಾ ‘ಬಲಕ್ಕೆ ತಿರುಗ್’ ಅಂದ್ರ, ಮಂದಿ ಎಲ್ಲಾ ತಿರುಗಿದ ಮ್ಯಾಲೆ ಅದು ತಿರಗತಿತ್ತು. ಬೇಕಂತ ಮಾಡತೈತಿ ಅಂತ ತಿಳಕೊಂಡ್ನಿ. ದಿನಾ ಬಿಸಿಲಾಗ ಗ್ರೌಂಡ್ ಸುತ್ತಸ್ತಿದ್ನಿ.”

“ಮತ್ತ?”

“ಒಂದು ದಿನ ಎಲ್ಲಾರ ಮುಂದ ನಿಲ್ಲಿಸಿ, ‘ಕಿವುಡಿ ಏನಲೇ ನೀ?’ ಅಂದ್ನಿ. ಹುಡುಗೂರೆಲ್ಲಾ ನಕ್ಕರು. ಅದು ನನ್ನ ಬಾಯಿನ ನೋಡಕೋತ ನಿಂತಿತ್ತು.” ಅತ್ತೆ ಬಸಿಯಲ್ಲಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟಳು. “ಈ ನಾಯಿ ನೋಡತೈತಲ್ಲ, ಹಂಗ.”

ನಾನು ಬಸಿಯನ್ನೆತ್ತಿ ಮತ್ತೆ ಅವಳ ಕೈಗಿಟ್ಟೆ.

ಮರುದಿನ ಅವಳು ಸ್ಟೇಷನರಿ ಅಂಗಡಿಗೆ ಹೋದಳು. ಈ ಸಲ ಏನನ್ನೂ ಕಚ್ಚಲಿಲ್ಲ. ಅಂಗಡಿಯಾಕೆ ಆ ಹುಡುಗಿಯ ವಾರಿಗೆಯವಳು. “ಅಕಿಗೆ ಸಣ್ಣಾಕಿ ಇದ್ದಾಗಿಂದ ಕಿವಿ ಮಂದ ರೀ ಟೀಚರ್. ಮನ್ಯಾಗೂ ಯಾರಿಗೂ ತಿಳದಿದ್ದಿಲ್ಲ. ಈಗ ಬನಹಟ್ಟ್ಯಾಗ ಅದಾಳ, ಗಾಡಿ ಸೀಟಿನ ಕವರ್ ಹೊಲೀತಾಳ,” ಎಂದಳಂತೆ.

ಅತ್ತೆ ನನ್ನ ಹತ್ತಿರ ಬಂದು, “ಬನಹಟ್ಟಿಗೆ ನಡಿ. ತಾಟು ಹೊಲಸಬೇಕು,” ಎಂದಳು. ನಾನೂ “ಹೂಂ, ತಾಟು ಹೊಲಸೂಣು,” ಎಂದೆ. ಮಾಮೂಲಿನಂತೆ ಹಿಂದೆ ಕೂತು ‘ಎಡಕ್ಕ ಹೋಗು, ಎಮ್ಮಿ ಬಂತು’ ಎಂದು ಸ್ಕೂಟರು ನಡೆಸುವ ಅತ್ತೆ ಆ ದಿನ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಒಂದು ಎಮ್ಮೆಗೆ ನಾನು ಹೆಚ್ಚುಕಡಿಮೆ ಗುದ್ದಿಯೇ ಬಿಟ್ಟಿದ್ದೆ.

ಮಗ್ಗದ ಶೆಡ್ಡೊಂದಕ್ಕೆ ಅಂಟಿಕೊಂಡೇ ಆ ಹೆಂಗಸಿನ ಅಂಗಡಿ. ಪವರ್‌ಲೂಮುಗಳ ಖಟಖಟದಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ನಲವತ್ತು ದಾಟಿದ ಹೆಂಗಸು ಹೊಲಿಗೆಯಂತ್ರದಿಂದ ತಲೆಯೆತ್ತಿದಳು. ನೋಡಿದ ಕೂಡಲೇ ಗುರುತು ಹಿಡಿದು, ಕತ್ತರಿ ಕೈಯಲ್ಲಿದ್ದ ಹಾಗೇ ಎದ್ದು ನಿಂತಳು. “ಟೀಚರ್! ನೀವು ಇಲ್ಲೆ?”

ಅತ್ತೆ ಕಾಲು ಗಂಟೆ ಬರೀ ತಟ್ಟೆಯ ಮಾತಾಡಿದಳು. ಅಳತೆ, ತೂಕ, ಹಲ್ಲು, ಒಸಡು. ಆ ಹೆಂಗಸು ಅತ್ತೆಯ ಮುಖವನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. “ರೆಗ್ಜಿನ್ ಬ್ಯಾಡ್ರಿ, ಹರದು ಹೋಗತೈತಿ. ದಪ್ಪನ್ನ ಕ್ಯಾನ್ವಾಸ್ ಮೂರು ಪದರು ಹಾಕ್ತೀನಿ. ಅಂಚಿನ್ಯಾಗ ಹತ್ತಿ ಹಗ್ಗ ಸೇರಿಸಿದ್ರ ಹಾರಾಕೂ ಆತು, ಹಲ್ಲಿಗೂ ಮೆತ್ತಗಾತು,” ಎಂದಳು. ಅತ್ತೆ ರೂಢಿಯಂತೆ ಕ್ಯಾನ್ವಾಸಿನ ಮೂಲೆಯನ್ನು ಕಚ್ಚಿ ನೋಡಿದಳು. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು.

ಆ ತಟ್ಟೆಯ ಗುಣಗಾನವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ: ಅದು ಪಾಸಾಯಿತು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ನಡೆಯುತ್ತಿದೆ. ಹಾರುತ್ತದೆ, ತೇಲುತ್ತದೆ, ಕೊಳೆಯಾದರೆ ಸೋಪಿನಲ್ಲಿ ಒಗೆದು ತಂತಿಯ ಮೇಲೆ ಹಾಕಬಹುದು. ಗಟ್ಟಿ ತಟ್ಟೆ ಬೇಕಾದವರು ಪ್ಲಾಸ್ಟಿಕ್ಕಿಗೂ ಟೈರಿಗೂ ಅಲೆಯಬೇಡಿ, ಬಟ್ಟೆಯದನ್ನು ಹೊಲಿಸಿ.

ಆದರೆ ಅವತ್ತು ಅಂಚು ಹೊಲಿಯುತ್ತ ಆಕೆ ತಲೆ ತಗ್ಗಿಸಿ ಕೂತಿದ್ದಾಗ ಅತ್ತೆ ಹತ್ತಿರ ಹೋಗಿ ನಿಂತಳು. ಆಕೆ ತಲೆಯೆತ್ತಿದಳು. ಅತ್ತೆ ಏನೋ ಸಣ್ಣ ದನಿಯಲ್ಲಿ ಹೇಳಿದಳು. ಮಗ್ಗದ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೂ ಅದು ಕೇಳಲಿಲ್ಲ.

ಆಕೆ ಕಿವಿಯ ಹಿಂದೆ ಕೈಯಿಟ್ಟು, “ಏನಂದ್ರಿ ಟೀಚರ್?” ಎಂದಳು.

“ನಂದು ತಪ್ಪಾತ ಅಂದ್ನಿ,” ಎಂದಳು ಅತ್ತೆ, ಸ್ವಲ್ಪ ಜೋರಾಗಿ.

“ಏನ್ರಿ?”

ಆಗ ಅತ್ತೆ ಎದೆ ತುಂಬ ಉಸಿರು ತೆಗೆದುಕೊಂಡು, ಮೂವತ್ತು ವರ್ಷ ಇಡೀ ಮೈದಾನ ನಡುಗಿಸಿದ ಆ ದನಿಯನ್ನು ತೆಗೆದಳು. “ನಂದು ತಪ್ಪಾತ ಯವ್ವಾ! ನಿನಗ ಕೇಳಸ್ತಿದ್ದಿಲ್ಲ ಅನ್ನೂದು ನನಗ ತಿಳೀಲಿಲ್ಲ! ಬಿಸಿಲಾಗ ಓಡಿಸಿದ್ನಿ! ಮಂದಿ ಮುಂದ ಬೈದ್ನಿ! ತಪ್ಪಾತು!”

ಶೆಡ್ಡಿನಿಂದ ನೇಕಾರರಿಬ್ಬರು ಬಾಗಿಲಿಗೆ ಬಂದರು. ಹೋಗುತ್ತಿದ್ದ ಆಟೋ ನಿಂತಿತು. ಅತ್ತೆ ಯಾರನ್ನೂ ನೋಡಲಿಲ್ಲ.

ಆ ಹೆಂಗಸು ಯಂತ್ರದ ಮೇಲಿನ ಕಾಲು ತೆಗೆದು, ಅತ್ತೆಯ ಕೈ ಹಿಡಿದು ತನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು.

“ಮೊದಲನೇ ಸಲಕ್ಕ ತಿಳೀತ್ರಿ ಟೀಚರ್. ನಾ ತುಟಿ ನೋಡಿ ಮಾತು ತಿಳಕೋತೀನಿ,” ಎಂದಳು. ಆಮೇಲೆ ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಕೇಳಬೇಕನಿಸ್ತು, ಅದಕ್ಕ,” ಎಂದಳು.

ಅತ್ತೆ ನಾಲ್ಕನೆಯ ಸಲವೂ ಹೇಳಿದಳು. ಈ ಸಲ ದನಿ ಹೊರಡಲೇ ಇಲ್ಲ. ತುಟಿಗಳು ಮಾತ್ರ ಆಡಿದವು.